ಲ್ಯಾಪ್‌ಟಾಪ್ ಖರೀದಿ: ಗ್ರಾಹಕರು ಪರಿಶೀಲಿಸಬೇಕಾದ ಅಂಶಗಳು

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಗ್ರಾಹಕರ ಮಾಹಿತಿಗಾಗಿ

ಲ್ಯಾಪ್‌ಟಾಪ್‌ನ ದೋಷವು ಕೆಲವೊಮ್ಮೆ ಒಂದು ಯಂತ್ರಕ್ಕೆ ಸೀಮಿತವಾಗಿರದೆ ಇಡೀ ಮಾದರಿಯಲ್ಲಿಯೇ ಇರುತ್ತದೆ. 2006ರಲ್ಲಿ ಡೆಲ್ ಸಂಸ್ಥೆಯು ಬೆಂಕಿಯ ಅಪಾಯದ ಕಾರಣ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂಪಡೆಯಿತು. 2018ರಲ್ಲಿ ಆಪಲ್ ಸಂಸ್ಥೆಯು ಕೆಲವು ಮ್ಯಾಕ್‌ಬುಕ್ ಮಾದರಿಗಳ ಕೀಲಿಮಣೆಗೆ ಉಚಿತ ದುರಸ್ತಿ ಘೋಷಿಸಿತು. ಆದ್ದರಿಂದ ಹಣ ಪಾವತಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ಜಾಲತಾಣದಲ್ಲಿ ಆ ಮಾದರಿಯ ದೋಷ ಅಥವಾ ಉಚಿತ ದುರಸ್ತಿ ಕುರಿತ ಪ್ರಕಟಣೆ ಇದೆಯೇ ಎಂದು ನೋಡುವುದು.
2. ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾಳೆ ನೋಡುವುದು.
3. ಪರದೆ, ಕೀಲಿಮಣೆ, ಚಾರ್ಜಿಂಗ್ ಹಾಗೂ ವೈಫೈಗಳನ್ನು ಅಂಗಡಿಯಲ್ಲಿಯೇ ಚಾಲನೆ ಮಾಡಿ ನೋಡುವುದು.
4. ಅಧಿಕೃತ ಸೇವಾ ಕೇಂದ್ರ ಯಾವ ಊರಿನಲ್ಲಿದೆ ಎಂದು ವಿಚಾರಿಸುವುದು. ನೀರು ತಗುಲಿ ಆದ ಹಾನಿಯು ಸಾಮಾನ್ಯವಾಗಿ ವಾರಂಟಿಗೆ ಒಳಪಡುವುದಿಲ್ಲ. ಮಳೆ ಹೆಚ್ಚಿರುವ ಮಲೆನಾಡಿನ ಗ್ರಾಹಕರು ಇದನ್ನು ಗಮನಿಸತಕ್ಕದ್ದು.
5. ಸೀರಿಯಲ್ ಸಂಖ್ಯೆ ನಮೂದಿಸಿದ ರಸೀದಿ ಹಾಗೂ ವಾರಂಟಿ ಪತ್ರವನ್ನು ಪಡೆದು ಕಾಯ್ದಿರಿಸುವುದು.

ದೂರು ಸಲ್ಲಿಕೆ: ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಪರಿಹಾರ ದೊರೆಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದೆ. ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದಾದುದರಿಂದ, ಬೇರೆ ಊರಿನಿಂದ ಅಥವಾ ಆನ್‌ಲೈನ್ ಮೂಲಕ ಖರೀದಿಸಿದವರಿಗೂ ಈ ಸೌಲಭ್ಯ ಲಭ್ಯವಿದೆ.