ಕೆರೆಯ ಮೀನು ಯಾರ ಸೊತ್ತು?

ನೀರಲ್ಲಿ ಈಜುವ ಮೀನಿಗೆ ಒಡೆಯನುಂಟೇ? ಕೆರೆ ಏರಿಯ ಮೇಲೆ ಗಾಳ ಹಾಕಿ ಕುಳಿತವನಿಗೆ ಇದು ತಮಾಷೆಯ ಪ್ರಶ್ನೆ ಎನಿಸಬಹುದು. ಆದರೆ ಅರಸರು, ನ್ಯಾಯಾಧೀಶರು, ಧರ್ಮಪಂಡಿತರು ಶತಮಾನಗಳಿಂದ ಇದಕ್ಕೆ ಉತ್ತರ ಹುಡುಕುತ್ತ ಬಂದಿದ್ದಾರೆ. ಹೆಸರಘಟ್ಟದ ಕೆರೆಯನ್ನು ಮುಂದಿಟ್ಟುಕೊಂಡು ನಾವೂ ಒಮ್ಮೆ ಯೋಚಿಸೋಣ.

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ 1894ರಲ್ಲಿ ಇಲ್ಲಿ ಅಡ್ಡಕಟ್ಟೆ ಕಟ್ಟಲಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಈ ಯೋಜನೆಗೆ ಚಾಮರಾಜೇಂದ್ರರ ಹೆಸರಿಡಲಾಗಿತ್ತು. ಬೆಂಗಳೂರಿಗೆ ಕುಡಿಯುವ ನೀರು ಒದಗಿಸುವುದು ಅದರ ಉದ್ದೇಶ. ಹರಿಯುವ ಹೊಳೆ ಹೀಗೆ ಸರಕಾರದ ಜಲಾಶಯವಾಯಿತು.

ಅದೇ ಹೊತ್ತಿಗೆ ಬ್ರಿಟಿಷ್ ಭಾರತದಲ್ಲಿ 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದು ಅಪರಾಧವಾಯಿತು. ಸಂಸ್ಥಾನವಾಗಿದ್ದ ಮೈಸೂರು 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಗೆ ತನ್ನದೇ ಶಾಸನ ಮಾಡಿತು. 1897ರ ಕಾಯ್ದೆಯಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಮಾಲಿಕನಾಗಿಯೋ ಗುತ್ತಿಗೆದಾರನಾಗಿಯೋ ಒಬ್ಬನಿಗೇ ಮೀನಿನ ಹಕ್ಕಿದ್ದರೆ, ಅದು ‘ಖಾಸಗಿ ನೀರು’. ಅಂದರೆ ಗುತ್ತಿಗೆಯ ಒಂದು ಕಾಗದದಿಂದ ಊರಿನ ನೀರು ಒಬ್ಬನ ನೀರಾಗಬಹುದು!

ಹಾಗಾದರೆ ಮೀನು ಹಿಡಿದವನು ಕಳ್ಳನೇ? ನಮ್ಮ ನ್ಯಾಯಾಲಯಗಳು ಇಲ್ಲಿ ಒಂದು ಗೆರೆ ಎಳೆದವು. ಕಟ್ಟಿದ ಕೊಳದಲ್ಲಿ ಬೇಕೆಂದಾಗ ಕೈಗೆ ಸಿಗುವ ಮೀನು ಒಡೆಯನ ಸೊತ್ತು. ಅದನ್ನು ಕದ್ದರೆ ಕಳ್ಳತನ. ಹೊಳೆಯಲ್ಲಿ ಸ್ವಚ್ಛಂದವಾಗಿ ಈಜುವ ಮೀನು ಹಿಡಿಯುವ ತನಕ ಯಾರದೂ ಅಲ್ಲ. ಇದಕ್ಕೆ ಸಾವಿರ ವರ್ಷಕ್ಕೂ ಹಿಂದೆ, ಹಾರೂನ್ ರಶೀದರ ಕಾಲದ ಮುಖ್ಯ ನ್ಯಾಯಾಧೀಶ ಇಮಾಮ್ ಅಬೂ ಯೂಸುಫ್ ‘ಕಿತಾಬುಲ್ ಖರಾಜ್’ನಲ್ಲಿ ಇಂಥದೇ ವ್ಯತ್ಯಾಸ ಗುರುತಿಸಿದ್ದರು. ಬೇಟೆಯಾಡದೆ ಕೈಯಿಂದ ಹಿಡಿಯಬಹುದಾದ ಮೀನನ್ನು ಮಾರಬಹುದು. ಬಲೆ ಬೀಸಿ ಹಿಡಿಯಬೇಕಾದ ಮೀನನ್ನು ಹಿಡಿಯುವ ಮೊದಲೇ ಮಾರುವಂತಿಲ್ಲ. ಕೈಯಲ್ಲಿಲ್ಲದ ವಸ್ತುವಿನ ವ್ಯಾಪಾರದಲ್ಲಿ ಮೋಸಕ್ಕೆ ದಾರಿಯಿದೆ ಎಂಬುದು ಫಿಕ್ಹ್‌ನ ಕಾಳಜಿ. ನೀರು, ಹುಲ್ಲು, ಬೆಂಕಿಗಳಲ್ಲಿ ಎಲ್ಲರೂ ಪಾಲುದಾರರು ಎಂಬುದು ಪ್ರವಾದಿ(ಸ)ಯವರ ಬೋಧನೆ.

ಸ್ವತಂತ್ರ ಭಾರತದಲ್ಲಿ ಈ ಹಕ್ಕಿನ ಸ್ವರೂಪ ಸ್ಪಷ್ಟವಾದದ್ದು 1955ರಲ್ಲಿ. ಒರಿಸ್ಸಾದ ಚಿಲ್ಕಾ ಸರೋವರದಲ್ಲಿ ಮೀನು ಹಿಡಿಯುವ ಹಕ್ಕನ್ನು ಕೆಲವರು ಹಣ ಕೊಟ್ಟು ಬಾಯಿಮಾತಿನಲ್ಲಿ ಪಡೆದಿದ್ದರು. ಜಮೀನ್ದಾರಿ ರದ್ದಾದಾಗ ಸರಕಾರ ಅದನ್ನು ಒಪ್ಪಲಿಲ್ಲ. ಮೀನು ಹಿಡಿದು ಒಯ್ಯುವ ಹಕ್ಕು ಭೂಮಿಯಿಂದ ಬರುವ ಲಾಭ, ಸ್ಥಿರಾಸ್ತಿಗೆ ಸಮಾನ, ನೋಂದಾಯಿತ ಪತ್ರವಿಲ್ಲದೆ ಅದು ಕೈಸೇರದು ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹಣ ಕೊಟ್ಟವರು ಬರಿಗೈಯಲ್ಲಿ ಮರಳಿದರು. ಬಾಯಿಮಾತನ್ನೇ ನಂಬಿ ಬದುಕುವ ಬಡವರಿಗೆ ಇದೊಂದು ಪಾಠ.

ಕರ್ನಾಟಕದಲ್ಲಿ 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನಂತೆ, ಬೇರೆಯವರ ಹಕ್ಕು ಸಾಬೀತಾಗದ ಹೊಳೆ ಕೆರೆಗಳು ಸರಕಾರದ ಸೊತ್ತು. 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಪರವಾನಗಿ, ಗುತ್ತಿಗೆಗಳ ಮೂಲಕ ಮೀನುಗಾರಿಕೆಯನ್ನು ನಿಯಂತ್ರಿಸುತ್ತದೆ. ಮೀನುಮರಿ ಬಿಟ್ಟು ಸಾಕುವವನಿಗೆ ರಕ್ಷಣೆ ಬೇಕು, ನಿಜ. ಆದರೆ ಹರಾಜಿನಲ್ಲಿ ಗೆಲ್ಲುವುದು ಹಣವೋ, ತಲೆಮಾರುಗಳಿಂದ ಬಲೆ ಹೆಣೆದ ಬೆಸ್ತರ ಕೈಯೋ? ಗುತ್ತಿಗೆ ಮೀನುಗಾರರ ಸಹಕಾರ ಸಂಘಕ್ಕೆ ಸಿಗಬೇಕು. ಮನೆಯ ಸಾರಿಗೆಂದು ಗಾಳ ಹಾಕುವವನಿಗೂ ದಡದಲ್ಲಿ ಜಾಗವಿರಬೇಕು. ಇದು ಭಿಕ್ಷೆಯಲ್ಲ, ಪಾಲು.

ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿರುವುದೂ ಈ ಹೆಸರಘಟ್ಟದಲ್ಲೇ. ಮೀನಿನ ವಿಜ್ಞಾನ ಬೆಳೆದ ಊರಿನಲ್ಲೇ ಕೆರೆ ವರ್ಷಗಟ್ಟಲೆ ಒಣಗಿ ನಿಂತದ್ದನ್ನೂ ನಾವು ಕಂಡಿದ್ದೇವೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇಲ್ಲಿನ ಹುಲ್ಲುಗಾವಲು ಸೇರಿದಂತೆ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಹುಲ್ಲು ಉಳಿಯಲಿ, ನೀರು ಉಳಿಯಲಿ. ಜೊತೆಗೆ ಅವನ್ನು ನಂಬಿದ ಜನರ ಮಾತನ್ನೂ ಕೇಳಲಿ. ಅರ್ಕಾವತಿಯ ಹರಿವೇ ನಿಂತರೆ, ನೋಂದಾಯಿತ ಪತ್ರ ಹಿಡಿದವನೂ ಗಾಳ ಹಿಡಿದವನೂ ಒಂದೇ ಬಿರುಕುಬಿಟ್ಟ ನೆಲವನ್ನು ನೋಡುತ್ತ ನಿಲ್ಲಬೇಕಾದೀತು.