ಬ್ರಾಂಕ್ಸ್ ಬೀದಿಯ ಲಾಜರನ ಹಾಡು



1979ರ ಅಕ್ಟೋಬರ್ 2ರ ಸಂಜೆ ಜಗದ್ಗುರು ಎರಡನೇ ಜಾನ್ ಪಾಲ್‌ರವರು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿರುವ ಯಾಂಕೀ ಕ್ರೀಡಾಂಗಣದಲ್ಲಿ ದಿವ್ಯಬಲಿಪೂಜೆಯನ್ನು ಅರ್ಪಿಸಿದರು. ಅಂದಿನ ಪ್ರಬೋಧನೆಗೆ ಅವರು ಆರಿಸಿಕೊಂಡದ್ದು ಸಂತ ಲೂಕರ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಬರುವ ಧನಿಕ ಮತ್ತು ಲಾಜರನ ಸಾಮತಿಯನ್ನು. ಉಂಡು ಮಿಕ್ಕ ಚೂರುಪಾರನ್ನು ಬಡವರಿಗೆ ಕೊಟ್ಟು ತೃಪ್ತರಾಗಬೇಡಿ, ಅವರು ಕ್ರಿಸ್ತನಲ್ಲಿ ನಿಮ್ಮ ಒಡಹುಟ್ಟಿದವರು ಎಂಬುದು ಅವರ ಮಾತಿನ ಸಾರ. ಅದೇ ಸಂಜೆ ಅವರು ದಕ್ಷಿಣ ಬ್ರಾಂಕ್ಸಿನ ಬಡಜನರ ನಡುವೆಯೂ ಹೋಗಿ ನಿಂತಿದ್ದರು.

ಸಾಮತಿಯಲ್ಲಿ ಲಾಜರನು ಒಂದು ಮಾತನ್ನೂ ಆಡುವುದಿಲ್ಲ. ಬ್ರಾಂಕ್ಸಿನ ಲಾಜರನು ಮಾತ್ರ ಅದಕ್ಕೆ ಆರು ವರ್ಷಗಳ ಮೊದಲೇ ಬಾಯಿ ತೆರೆದಿದ್ದನು. ಅವನ ಹಾಡಿಗೆ ಲೋಕವು ಆನಂತರ ಕೊಟ್ಟ ಹೆಸರು ಹಿಪ್ ಹಾಪ್.

ಆ ಬಡಾವಣೆಗಳ ಮೇಲೆ ಆಗ ಬಂದಿದ್ದ ಕಷ್ಟ ಅಷ್ಟಿಷ್ಟಲ್ಲ. ಊರಿನ ನಡುವೆ ಹೆದ್ದಾರಿ ಸೀಳಿಕೊಂಡು ಹೋದಾಗ ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡಿದ್ದವು. 1970ರ ದಶಕದಲ್ಲಿ ಕಟ್ಟಡಗಳು ಸಾಲುಸಾಲಾಗಿ ಬೆಂಕಿಗೆ ಆಹುತಿಯಾದವು. ಕೆಲಸವಿಲ್ಲದ ಯುವಕರು ಗುಂಪು ಕಟ್ಟಿಕೊಂಡು ಹೊಡೆದಾಡುತ್ತಿದ್ದರು. ಇಂತಹ ದಿನಗಳಲ್ಲಿ, 1973ರ ಆಗಸ್ಟ್ 11ರಂದು, ಜಮೈಕಾದಿಂದ ಬಂದು ನೆಲೆಸಿದ ಕುಟುಂಬದ ಕ್ಲೈವ್ ಕ್ಯಾಂಪ್‌ಬೆಲ್ ಎಂಬ 18 ವರ್ಷದ ಯುವಕನು ತನ್ನ ತಂಗಿ ಏರ್ಪಡಿಸಿದ್ದ ಸಂತೋಷಕೂಟದಲ್ಲಿ ಹಾಡಿನ ತಟ್ಟೆಗಳನ್ನು ನುಡಿಸಿದನು. ಡಿಜೆ ಕೂಲ್ ಹರ್ಕ್ ಎಂಬುದು ಅವನ ಬೀದಿಯ ಹೆಸರು. ಹಾಡು ನಿಂತು ತಾಳವಾದ್ಯ ಮಾತ್ರ ಉಳಿಯುವ ಚಿಕ್ಕ ಭಾಗವನ್ನು ಎರಡು ಯಂತ್ರಗಳ ಮೇಲೆ ಮತ್ತೆ ಮತ್ತೆ ತಿರುಗಿಸಿ ಅವನು ಉದ್ದವಾಗಿಸುತ್ತಿದ್ದನು. ವಾದ್ಯ ಕೊಳ್ಳಲು ಹಣವಿಲ್ಲದವರು ಹಳೆಯ ತಟ್ಟೆಯನ್ನೇ ವಾದ್ಯ ಮಾಡಿಕೊಂಡರು. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಮಾತು ಪೋಣಿಸುವುದೇ ರ‍್ಯಾಪ್. ನಮ್ಮ ಉತ್ತರ ಕರ್ನಾಟಕದ ಲಾವಣಿಕಾರರು ಹರದೇಶಿ, ನಾಗೇಶಿ ಎಂದು ಎರಡು ಪಂಗಡವಾಗಿ ಸವಾಲು ಜವಾಬು ಹಾಡುವುದನ್ನು ಕೇಳಿದವರಿಗೆ ಇದರ ಬಗೆ ಸುಲಭವಾಗಿ ಅರ್ಥವಾದೀತು.

ಮುಂದೆ ಈ ಸಂಗೀತ ಮಾರುಕಟ್ಟೆಗೆ ಬಂದಿತು. ಕೋಪ, ಬಂದೂಕು, ಮಾದಕವಸ್ತು, ಹೆಣ್ಣಿನ ಅವಹೇಳನ ಇವುಗಳನ್ನು ಮೆರೆಸುವ ಹಾಡುಗಳೂ ಬಹಳ ಮಾರಾಟವಾದವು. ಮಕ್ಕಳ ಕೋಣೆಯಿಂದ ಇಂತಹ ಹಾಡು ಕೇಳಿಬಂದಾಗ ತಂದೆತಾಯಂದಿರು ಗಾಬರಿಯಾಗುವುದರಲ್ಲಿ ತಪ್ಪಿಲ್ಲ. ಹಾಗಾದರೆ ಇಂತಹ ಪಾತ್ರೆಯಲ್ಲಿ ಶುಭಸಂದೇಶದ ದ್ರಾಕ್ಷಾರಸವನ್ನು ತುಂಬಬಹುದೇ?

ಈ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. ನಾಲ್ಕನೇ ಶತಮಾನದಲ್ಲಿ ಎದೆಸ್ಸಾ ಪಟ್ಟಣದ ಜನರ ನಾಲಿಗೆಯ ಮೇಲೆ ಬಾರ್ದೈಸಾನ್ ಎಂಬವನ ಪಂಥದ ಹಾಡುಗಳು ನಲಿಯುತ್ತಿದ್ದವು. ಬೋಧನೆ ತಪ್ಪು, ಆದರೆ ಧಾಟಿ ಇಂಪು. ಸಂತ ಎಫ್ರೇಮರು ಜನರ ಬಾಯಿ ಮುಚ್ಚಿಸಲು ಹೋಗಲಿಲ್ಲ. ಅದೇ ಧಾಟಿಗೆ ಸತ್ಯವಿಶ್ವಾಸದ ಮಾತುಗಳನ್ನು ಹೊಂದಿಸಿ, ಸ್ತ್ರೀಯರ ಗಾನವೃಂದಗಳಿಗೆ ಕಲಿಸಿದರು ಎಂದು ಪ್ರಾಚೀನ ಸಭಾಚರಿತ್ರೆಕಾರರು ತಿಳಿಸುತ್ತಾರೆ. ಗೀತೆಗಳಲ್ಲದೆ, ಏಳೇಳು ಅಕ್ಷರಗಳ ಜೋಡಿಸಾಲುಗಳಲ್ಲಿ ವಾಚಿಸುವ ಪದ್ಯಪ್ರಬೋಧನೆಗಳನ್ನೂ ಅವರು ರಚಿಸಿದರು. 1920ರಲ್ಲಿ ಜಗದ್ಗುರು ಹದಿನೈದನೇ ಬೆನೆಡಿಕ್ಟರು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಜೂನ್ 9ರಂದು ನಾವು ಅವರ ಸ್ಮರಣೆಯನ್ನು ಆಚರಿಸುತ್ತೇವೆ.

ಅಸ್ಸಿಸಿಯ ಸಂತ ಫ್ರಾನ್ಸಿಸರ ಕಥೆಯೂ ಹೀಗೆಯೇ. ಯೌವನದಲ್ಲಿ ಅವರು ಅಲೆಮಾರಿ ಹಾಡುಗಾರರ ಪ್ರೇಮಗೀತೆಗಳಿಗೆ ಮನಸೋತವರು. 1225ರಲ್ಲಿ, ಕಣ್ಣು ಕಾಣದೆ ರೋಗದಿಂದ ನರಳುತ್ತಿದ್ದಾಗ, ಸೃಷ್ಟಿಯ ಸ್ತುತಿಗೀತೆಯನ್ನು ಲತೀನಿನಲ್ಲಲ್ಲ, ಬೀದಿಯ ಜನರ ಆಡುಮಾತಿನಲ್ಲಿ ರಚಿಸಿದರು. ತಮ್ಮ ಸಹೋದರರನ್ನು ಪ್ರಭುವಿನ ಹಾಡುಗಾರರೆಂದು ಕರೆದು ಊರೂರಿಗೆ ಕಳುಹಿಸಲು ಬಯಸಿದರು. ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ನಗರಾಧಿಕಾರಿಗೂ ವೈರ ಬೆಳೆದಾಗ ಅದೇ ಗೀತೆಗೆ ಕ್ಷಮೆಯ ನುಡಿಯೊಂದನ್ನು ಸೇರಿಸಿ ಇಬ್ಬರ ಮುಂದೆ ಹಾಡಿಸಿದರು. ಹಾಡನ್ನು ಕೇಳಿದ ಆ ಇಬ್ಬರೂ ರಾಜಿಯಾದರು.

ಅಮೆರಿಕದಲ್ಲಿ ಕ್ರೈಸ್ತ ಹಿಪ್ ಹಾಪ್ ಬೆಳೆದದ್ದು ಹೆಚ್ಚಾಗಿ ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಕೈಯಲ್ಲಿ. 1985ರಲ್ಲಿ ಒಕ್ಲಹೋಮದ ಸ್ಟೀಫನ್ ವೈಲಿಯವರು ಹೊರತಂದ ‘ಬೈಬಲ್ ಬ್ರೇಕ್’ ಎಂಬ ಕ್ಯಾಸೆಟ್ ಈ ಹಾದಿಯ ಮೊದಮೊದಲ ಹೆಜ್ಜೆಗಳಲ್ಲಿ ಒಂದು. 1995ರಲ್ಲಿ ಡಿಸಿ ಟಾಕ್ ತಂಡದ ‘ಜೀಸಸ್ ಫ್ರೀಕ್’ ರ‍್ಯಾಪನ್ನೂ ರಾಕನ್ನೂ ಬೆರೆಸಿ ಹೆಸರು ಮಾಡಿತು. ಫಿಲಡೆಲ್ಫಿಯಾದ ಕ್ರಾಸ್ ಮೂವ್‌ಮೆಂಟ್ ತಂಡವು ದೈವಶಾಸ್ತ್ರದ ಗಹನ ವಿಷಯಗಳನ್ನೇ ಪ್ರಾಸಕ್ಕೆ ತಂದಿತು. 2004ರಲ್ಲಿ ಲಕ್ರೇ ಎಂಬ ಯುವಕರು ಗೆಳೆಯರೊಡನೆ ರೀಚ್ ರೆಕಾರ್ಡ್ಸ್ ಎಂಬ ಸಂಸ್ಥೆ ಕಟ್ಟಿದರು. ಅವರ ಬಳಗದ ಹೆಸರು ‘ನೂರ ಹದಿನಾರು’. ಶುಭಸಂದೇಶದ ವಿಷಯದಲ್ಲಿ ತಮಗೆ ಸಂಕೋಚವಿಲ್ಲವೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 1:16ರಿಂದ ಆ ಹೆಸರು ಬಂದಿದೆ. 2013ರಲ್ಲಿ ಲಕ್ರೇಯವರ ‘ಗ್ರ್ಯಾವಿಟಿ’ಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು. 2014ರಲ್ಲಿ ಅವರ ‘ಅನಾಮಲಿ’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎಲ್ಲ ಬಗೆಯ ಸಂಗೀತವನ್ನೂ ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು.

ಇವುಗಳ ಕಲೆ ಯಾವುದರಲ್ಲಿದೆ? ಭಕ್ತಿಗೀತೆಯಲ್ಲಿ ಕೆಲವೇ ಪದಗಳು ರಾಗದ ಮೇಲೆ ನಿಧಾನವಾಗಿ ಸಾಗುತ್ತವೆ. ರ‍್ಯಾಪಿನಲ್ಲಿ ನಾಲ್ಕು ಪೆಟ್ಟಿನ ತಾಳ, ಒಂದು ಚರಣಕ್ಕೆ ಸಾಮಾನ್ಯವಾಗಿ ಹದಿನಾರು ಆವರ್ತ. ಅದರೊಳಗೆ ನೂರಾರು ಪದಗಳು ಹಿಡಿಸಬೇಕು. ಪ್ರಾಸ ಸಾಲಿನ ಕೊನೆಯಲ್ಲಷ್ಟೇ ಅಲ್ಲ, ನಡುವೆಯೂ ಮಿಂಚಬೇಕು. ಉಸಿರು ತಪ್ಪಬಾರದು, ಮಾತು ಒಮ್ಮೆ ತಾಳದ ಮುಂದೆ ಓಡಿ ಒಮ್ಮೆ ಹಿಂದೆ ಉಳಿದು ಮತ್ತೆ ಕೂಡಿಕೊಳ್ಳಬೇಕು. ಇಷ್ಟು ಮಾತಿಗೆ ಎಡೆಯಿರುವುದರಿಂದಲೇ ಇದರಲ್ಲಿ ಒಂದು ಬಾಳಿನ ಕಥೆಯನ್ನು ಪೂರ್ತಿ ಹೇಳಬಹುದು, ವಾದ ಹೂಡಬಹುದು, ಪಾಪವನ್ನು ಹೆಸರಿಟ್ಟು ಒಪ್ಪಿಕೊಳ್ಳಬಹುದು. ‘ಅನಾಮಲಿ’ಯ ಒಂದು ಹಾಡಿನಲ್ಲಿ ಲಕ್ರೇ ತಮ್ಮ ಯೌವನದ ಗರ್ಭಪಾತವೊಂದರಲ್ಲಿ ತಮ್ಮ ಪಾಲಿದ್ದುದನ್ನು ಮರೆಮಾಚದೆ ಹೇಳಿ ದೇವರ ಕ್ಷಮೆಗೆ ಶರಣಾಗುತ್ತಾರೆ. ಇಂತಹ ಮಾತನ್ನು ಯುವಕನೊಬ್ಬನು ಪುಸ್ತಕದಲ್ಲಿ ಓದದಿರಬಹುದು, ಹಾಡಿನಲ್ಲಿ ಕೇಳಿಯಾನು.

ಯೇಸುವಿನ ಹೆಸರನ್ನು ಸಾಲಿಗೊಮ್ಮೆ ತುರುಕಿದ ಮಾತ್ರಕ್ಕೆ ಹಾಡು ಕ್ರೈಸ್ತವಾಗುವುದಿಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಪ್ರಲಾಪಗಳು ಎಂಬುದನ್ನು ನಾವು ಮರೆಯಬಾರದು. 88ನೇ ಕೀರ್ತನೆಯಂತೂ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಗಾಯಗೊಂಡವನ ಪ್ರಾಮಾಣಿಕ ಮೊರೆಯನ್ನು ದೇವರು ಪ್ರಾರ್ಥನೆಯಾಗಿ ಸ್ವೀಕರಿಸುತ್ತಾರೆ.

ಹಿಪ್ ಹಾಪ್ ಹುಟ್ಟಿದ ಅದೇ ಬ್ರಾಂಕ್ಸಿನಲ್ಲಿ ನಮ್ಮ ಕಥೋಲಿಕ ಗುರುವೊಬ್ಬರು ಈ ಮಾತನ್ನು ಬದುಕಿ ತೋರಿಸಿದರು. 1987ರಲ್ಲಿ ಎಂಟು ಮಂದಿ ಕಪುಚಿನ್ ಸಹೋದರರು ಬಡವರೊಡನೆ ಬಡವರಾಗಿ ಬಾಳಲು ದಕ್ಷಿಣ ಬ್ರಾಂಕ್ಸಿಗೆ ಬಂದು ಹೊಸ ಫ್ರಾನ್ಸಿಸ್ಕನ್ ಸಮುದಾಯವನ್ನು ಆರಂಭಿಸಿದರು. ಅವರಲ್ಲಿ ಒಬ್ಬರು ಸ್ಟಾನ್ ಫಾರ್ಚೂನಾ. ಸಭೆ ಸೇರುವ ಮೊದಲು ಅವರು ಜಾಸ್ ಸಂಗೀತದಲ್ಲಿ ಬಾಸ್ ವಾದಕರು. 1990ರಲ್ಲಿ ಗುರುದೀಕ್ಷೆ ಪಡೆದ ಅವರು, ಬೂದುಬಣ್ಣದ ಜುಬ್ಬ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು, ಬೀದಿಯ ಹುಡುಗರ ಭಾಷೆಯಲ್ಲಿಯೇ ರ‍್ಯಾಪ್ ಹಾಡಿದರು. ‘ಸ್ಯಾಕ್ರೋ ಸಾಂಗ್’ ಅವರ ಸಂಗ್ರಹದ ಹೆಸರು. ಅವರ ಹೆಸರಾಂತ ಹಾಡೊಂದರ ವಿಷಯ, ನೋವು ಯಾರನ್ನೂ ಬಿಟ್ಟಿಲ್ಲ ಎಂಬುದು. ನೋವನ್ನು ಕ್ರಿಸ್ತನ ಶಿಲುಬೆಯೊಡನೆ ಕೂಡಿಸಿದಾಗ ಅದು ವ್ಯರ್ಥವಾಗದೆಂದು ಎರಡನೇ ಜಾನ್ ಪಾಲ್‌ರವರು 1984ರ ತಮ್ಮ ಪತ್ರದಲ್ಲಿ ಬೋಧಿಸಿದ್ದರು. ಆ ಬೋಧನೆ ಇಲ್ಲಿ ಬೀದಿಯ ಮಾತಿಗೆ ಇಳಿಯಿತು. ಫಾದರ್ ಸ್ಟಾನ್‌ರವರು ಮೊದಲು ಆ ಬೀದಿಯಲ್ಲಿ ಮನೆ ಮಾಡಿದರು, ಆಮೇಲೆ ಹಾಡಿದರು. ಅವರ ಮಾತಿಗೆ ಬಂದ ಬೆಲೆ ಅಲ್ಲಿಂದ ಬಂದದ್ದು.

ಹಾಗೆಂದು ರ‍್ಯಾಪನ್ನು ಬಲಿಪೀಠದ ಬಳಿಗೆ ತರಬೇಕೆಂದು ಅರ್ಥವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಪವಿತ್ರ ಆರಾಧನಾವಿಧಿಯ ಸಂವಿಧಾನದಲ್ಲಿ, ಸಂಗೀತವು ವಿಧಿಯೊಡನೆ ನಿಕಟವಾಗಿ ಬೆಸೆದಷ್ಟೂ ಪವಿತ್ರವೆಂದು ಬೋಧಿಸಿ, ಗ್ರೆಗೋರಿಯನ್ ಗಾನಕ್ಕೆ ಮೊದಲ ಸ್ಥಾನವನ್ನು ನೀಡಿದೆ. ಬೀದಿಗೆ ಬೀದಿಯ ಹಾಡು, ಬಲಿಪೂಜೆಗೆ ಬಲಿಪೂಜೆಯ ಹಾಡು. 2004ರ ಜನವರಿಯಲ್ಲಿ ಪೋಲೆಂಡಿನ ಯುವಕರು ವ್ಯಾಟಿಕನ್ನಿನಲ್ಲಿ ಎರಡನೇ ಜಾನ್ ಪಾಲ್‌ರ ಮುಂದೆ ನೆಲದ ಮೇಲೆ ತಲೆಕೆಳಗಾಗಿ ತಿರುಗುವ ಹಿಪ್ ಹಾಪ್ ಕುಣಿತ ಮಾಡಿದರು. ಅದು ಬಲಿಪೂಜೆಯಲ್ಲ, ಭೇಟಿಯ ಸಭೆ. ವೃದ್ಧ ಜಗದ್ಗುರು ಚಪ್ಪಾಳೆ ತಟ್ಟಿ, ಅವರ ಪ್ರತಿಭೆಯನ್ನು ಆಶೀರ್ವದಿಸಿದರು.

ಪ್ರಿಯರೇ, ನಮ್ಮ ಮಕ್ಕಳ ಕಿವಿಯಲ್ಲಿ ಈಗಾಗಲೇ ಯಾರೋ ಹಾಡುತ್ತಿದ್ದಾರೆ. ಆ ಕಿವಿಯಿಂದ ಯಂತ್ರವನ್ನು ಕಿತ್ತುಕೊಳ್ಳುವ ಮೊದಲು ಒಂದು ಹಾಡನ್ನಾದರೂ ಅವರೊಡನೆ ಕುಳಿತು ಕೇಳೋಣ. ಈ ಹಾಡು ಪಾಪವನ್ನು ಪಾಪವೆಂದು ಹೇಳುತ್ತದೆಯೇ, ನೊಂದವನಿಗೆ ಭರವಸೆ ಕೊಡುತ್ತದೆಯೇ, ಕೇಳಿದವನನ್ನು ಪಕ್ಕದ ಮನೆಯ ಬಡವನ ಕಡೆಗೆ ತಿರುಗಿಸುತ್ತದೆಯೇ ಎಂದು ಕೇಳೋಣ. ಹೌದಾದರೆ ಸಂತೋಷಪಡೋಣ. ಅಲ್ಲವಾದರೆ ಏಕೆ ಅಲ್ಲವೆಂದು ಪ್ರೀತಿಯಿಂದ ತಿಳಿಸೋಣ. ಧನಿಕನ ತಪ್ಪು ಲಾಜರನನ್ನು ಹೊಡೆದದ್ದಲ್ಲ. ಬಾಗಿಲಲ್ಲೇ ಬಿದ್ದಿದ್ದವನನ್ನು ಗಮನಿಸದೆ ಹೋದದ್ದು. ಬಾಗಿಲಾಚೆಯ ಆ ದನಿಯನ್ನು, ಅದು ಎಷ್ಟೇ ಒರಟಾಗಿದ್ದರೂ, ಆಲಿಸುವ ಕಿವಿಯನ್ನೂ ಬಾಗಿಲು ತೆರೆಯುವ ಮನಸ್ಸನ್ನೂ ಪ್ರಭು ಯೇಸು ನಮ್ಮೆಲ್ಲರ ಮನೆಗಳಿಗೆ ಅನುಗ್ರಹಿಸಲಿ.