ವಿಮೋಚಕರೆಂದು ಬಂದವರು

ಭೂಮಿಯಲ್ಲಿ ಸಂಚರಿಸಿ, ಹಿಂದಿನ ಜನಾಂಗಗಳ ಅಂತ್ಯ ಏನಾಯಿತೆಂದು ನೋಡುವಂತೆ ಪವಿತ್ರ ಕುರ್‌ಆನ್ ಹಲವು ಕಡೆ ಕರೆ ನೀಡುತ್ತದೆ. ಸಾಮ್ರಾಜ್ಯಗಳು ಹಾಗೆ ನೋಡುವುದು ಅಪರೂಪ. ಹಿಂದಿನವರ ಕಥೆ ಗ್ರಂಥಗಳಲ್ಲಿದ್ದರೂ ಅದು ತಮ್ಮ ಕಥೆಯೆಂದು ಅವಕ್ಕೆ ಅನಿಸುವುದಿಲ್ಲ.

1798ರ ಜುಲೈಯಲ್ಲಿ ನೆಪೋಲಿಯನ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಬಂದಿಳಿದನು. ಅವನು ಅರಬಿ ಭಾಷೆಯಲ್ಲಿ ಮುದ್ರಿಸಿ ಹಂಚಿದ ಪ್ರಕಟಣೆ ಬಿಸ್ಮಿಲ್ಲಾದಿಂದಲೇ ಆರಂಭವಾಗಿತ್ತು. ತಾನು ಮಮ್ಲೂಕರ ದಬ್ಬಾಳಿಕೆಯಿಂದ ಜನರನ್ನು ಬಿಡಿಸಲು ಬಂದಿದ್ದೇನೆ, ಪ್ರವಾದಿಯವರನ್ನೂ(ಸ) ಕುರ್‌ಆನನ್ನೂ ಗೌರವಿಸುತ್ತೇನೆ ಎಂದು ಅದರಲ್ಲಿ ಹೇಳಿಕೊಂಡಿದ್ದನು.

ಕೈರೋದ ವಿದ್ವಾಂಸ ಅಬ್ದುರ್ರಹ್ಮಾನ್ ಅಲ್ ಜಬರ್ತಿ ಆ ಪ್ರಕಟಣೆಯನ್ನು ತಮ್ಮ ಚರಿತ್ರೆಯಲ್ಲಿ ಪೂರ್ತಿಯಾಗಿ ಬರೆದಿಟ್ಟರು. ನಂತರ ಅದರ ವ್ಯಾಕರಣದ ತಪ್ಪುಗಳನ್ನೂ ಮಾತಿನ ಪೊಳ್ಳುತನವನ್ನೂ ಒಂದೊಂದಾಗಿ ಬಿಡಿಸಿ ತೋರಿಸಿದರು. ಅವರದ್ದು ಕುರುಡು ದ್ವೇಷವಲ್ಲ. ಫ್ರೆಂಚರ ಗ್ರಂಥಾಲಯವನ್ನು ಅವರು ಮೆಚ್ಚಿದರು, ಮಮ್ಲೂಕರ ಅಹಂಕಾರವನ್ನು ಖಂಡಿಸಿದರು.

ಅಕ್ಟೋಬರ್ ಬರುವಷ್ಟರಲ್ಲಿ ಮನೆ, ಅಂಗಡಿಗಳ ಮೇಲೆ ತೆರಿಗೆ ಬಿತ್ತು. ಕೈರೋ ದಂಗೆಯೆದ್ದಿತು. ಇಸ್ಲಾಮನ್ನು ಗೌರವಿಸುತ್ತೇವೆ ಎಂದವರ ಫಿರಂಗಿಗಳು ಅಲ್ ಅಝ್‌ಹರ್ ಮಸೀದಿಯತ್ತ ತಿರುಗಿದವು, ಅವರ ಕುದುರೆಗಳು ಮಸೀದಿಯೊಳಗೆ ನುಗ್ಗಿದವು. 1801ರಲ್ಲಿ ಫ್ರೆಂಚ್ ಸೈನ್ಯ ಈಜಿಪ್ಟನ್ನು ಬಿಟ್ಟು ಹೋಯಿತು.

ಇದೇ ನೆಪೋಲಿಯನ್ 1799ರ ಜನವರಿಯಲ್ಲಿ ಟಿಪ್ಪು ಸುಲ್ತಾನರಿಗೂ ಪತ್ರ ಬರೆದು, ಇಂಗ್ಲಿಷರ ನೊಗದಿಂದ ಬಿಡಿಸುವ ಆಸೆ ತೋರಿಸಿದ್ದನು. ಆ ಪತ್ರ ಇಂಗ್ಲಿಷರ ಕೈಸೇರಿತು. ಮೇ 4ರಂದು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಹುತಾತ್ಮರಾದರು. ಯಾವ ವಿಮೋಚಕನೂ ಬರಲಿಲ್ಲ.

1917ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೈನ್ಯ ಬಗ್ದಾದನ್ನು ಹಿಡಿಯಿತು. ಆ ಸೈನ್ಯದಲ್ಲಿ ನಮ್ಮ ದೇಶದ ಸಿಪಾಯಿಗಳೂ ಬಹಳ ಮಂದಿ ಇದ್ದರು. ನಾವು ಗೆದ್ದು ಆಳಲು ಬಂದವರಲ್ಲ, ವಿಮೋಚಕರು ಎಂದು ಜನರಲ್ ಮಾಡ್ ಹೆಸರಿನಲ್ಲಿ ಪ್ರಕಟಣೆ ಹೊರಟಿತು. ಅದನ್ನು ಬರೆದವರು ಮಾರ್ಕ್ ಸೈಕ್ಸ್. ಅರಬ್ ನಾಡುಗಳನ್ನು ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಹಂಚಿಕೊಳ್ಳುವ ಗುಪ್ತ ಒಪ್ಪಂದವನ್ನು 1916ರಲ್ಲಿ ರೂಪಿಸಿದ್ದವರೂ ಅವರೇ! 1920ರಲ್ಲಿ ಇರಾಕ್ ದಂಗೆಯೆದ್ದಿತು. 2003ರಲ್ಲಿ ಅಮೆರಿಕ ಅದೇ ಬಗ್ದಾದಿಗೆ ಬಂದಾಗ ಅದರ ಕಾರ್ಯಾಚರಣೆಯ ಹೆಸರಿನಲ್ಲೇ 'ಇರಾಕಿನ ಸ್ವಾತಂತ್ರ್ಯ' ಇತ್ತು. ಮುಂದೆ ಹರಿದ ರಕ್ತವನ್ನು ನಮ್ಮ ಪೀಳಿಗೆಯೇ ಕಂಡಿದೆ.

ಈ ಮೂವರದ್ದೂ ಒಂದೇ ತಪ್ಪು. ತಾವು ಬರೆದದ್ದನ್ನು ಜನರು ತಮ್ಮ ನಡತೆಯೊಂದಿಗೆ ತಾಳೆ ಹಾಕಿ ಓದುವುದಿಲ್ಲವೆಂದು ಅವರು ಭಾವಿಸಿದರು. ಭೂಮಿಯಲ್ಲಿ ಕ್ಷೋಭೆ ಹಬ್ಬಿಸುತ್ತಲೇ ತಾವು ಸುಧಾರಕರೆನ್ನುವವರ ಬಗ್ಗೆ ಸೂರಾ ಅಲ್ ಬಕರ ನಮ್ಮನ್ನು ಎಚ್ಚರಿಸಿದೆ. ಆ ಎಚ್ಚರಿಕೆ ಪರಕೀಯರಿಗೆ ಮಾತ್ರ ಸೀಮಿತವಲ್ಲ. ಮಮ್ಲೂಕರು ಮುಸ್ಲಿಮರೇ ಆಗಿದ್ದರು, ಆದರೂ ಜಬರ್ತಿ ಅವರನ್ನು ಬಿಡಲಿಲ್ಲ.

ಅಧಿಕಾರದಲ್ಲಿರುವವರು ಯಾರೇ ಆಗಲಿ, ಅವರ ಮಾತನ್ನು ಅವರ ಕೆಲಸದ ಪಕ್ಕದಲ್ಲಿಟ್ಟು ಓದಬೇಕು. ನಮ್ಮ ಮಕ್ಕಳು ಚರಿತ್ರೆಯಿಂದ ಕಲಿಯಬೇಕಾದದ್ದು ಇದನ್ನೇ. ಅಲ್ಲಾಹನು ನಮಗೆಲ್ಲ ಆ ವಿವೇಕವನ್ನು ದಯಪಾಲಿಸಲಿ, ಆಮೀನ್.